ನಲವತ್ತೊಂದನೇ ಪುಟ

ನನ್ನ ಸರ್ಟಿಫಿಕೇಟಿನ ಗಾಜನ್ನು ಪ್ರತಿ ಶುಕ್ರವಾರ ನಾನೇ ಒರೆಸುತ್ತಿದ್ದೆ. ಅದು ದೋನ್ಯಾ ನಿನೆತ್ ಅವರ ಕೋಣೆಯಲ್ಲಿ ಬಾಗಿಲ ಹಿಂದೆ ತೂಗುತ್ತಿತ್ತು. ದೋನ್ಯಾ ಅಂದರೆ ಅಮ್ಮಾವ್ರು. ಶಾಲೆಯ ಒಡತಿ, ಮುಖ್ಯಸ್ಥೆ ಎರಡೂ ಅವರೇ. ಬಾಗಿಲು ತೆರೆದಿದ್ದರೆ ಸರ್ಟಿಫಿಕೇಟು ಕಾಣುತ್ತಿರಲಿಲ್ಲ. ಇಲಾಖೆಯವರು ಬಂದ ದಿನ ಮಾತ್ರ ಬಾಗಿಲು ಮುಚ್ಚಿ ಅವರನ್ನು ಒಳಗೆ ಕೂರಿಸುತ್ತಿದ್ದರು. ಆಗ ಕಾಣುತ್ತಿತ್ತು: ಒತಿಲಿಯಾ ಚಕ್ಲಾನ್, ಪ್ರಾಥಮಿಕ ಶಾಲಾ ಶಿಕ್ಷಕಿ, ಕಿಚೆ ಮತ್ತು ಸ್ಪ್ಯಾನಿಷ್. ಕೆಳಗೆ ಸರ್ಕಾರದ ಮುದ್ರೆ.

ಉಳಿದ ದಿನಗಳಲ್ಲಿ ನಾನು ಒತಿಲಿಯಾ ಅಲ್ಲ. ಓತಿ. ಮಕ್ಕಳ ಅಮ್ಮಂದಿರಿಗೆ ಅದೂ ಅಲ್ಲ, ಮರಿಯಾ. ನಮ್ಮ ಶೆಲಾ ಪಟ್ಟಣದಲ್ಲಿ ಮಗ್ಗದ ಲಂಗ ಉಟ್ಟ, ಈ ನೆಲದ ಮೂಲಜನರಾದ ನಮ್ಮ ಕಿಚೆ ಹೆಂಗಸು ಯಾರೇ ಆಗಲಿ ಅವರ ಬಾಯಲ್ಲಿ ಮರಿಯಾ. ಸೊಪ್ಪು ಮಾರುವವಳೂ ಮರಿಯಾ, ಲಾಯರಿಕೆ ಓದಿದವಳೂ ಮರಿಯಾ. ನಮಗೆ ಅಪ್ಪ ಅಮ್ಮ ಹೆಸರಿಟ್ಟಿರಬಹುದು ಅನ್ನುವ ಅನುಮಾನವೂ ಅವರಿಗೆ ಬಂದಂತಿಲ್ಲ.

ನಮ್ಮದು ಎರಡು ಭಾಷೆಯ ಶಾಲೆ. ಇಂಗ್ಲಿಷು, ಸ್ಪ್ಯಾನಿಷು. ಕಿಚೆ ಮಾತು ಅಲ್ಲಿ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದಿದ್ದರೆ ಹೋಗಲಿ, ಆಡುವುದಕ್ಕೂ ಬಿಡುತ್ತಿರಲಿಲ್ಲ. ಅಡುಗೆಯ ಚೆಪಾ ಅತ್ತೆ ಮತ್ತು ನಾನು ಓಣಿಯಲ್ಲಿ ನಮ್ಮ ಮಾತಿನಲ್ಲಿ ಎರಡು ಮಾತಾಡಿದರೆ ದೋನ್ಯಾ ನಿನೆತ್ ಚಿಟಿಕೆ ಹೊಡೆಯುತ್ತಿದ್ದರು. ಮಕ್ಕಳ ಬಾಯಿಗೆ ಅಂಟಿಕೊಂಡರೆ ಪೋಷಕರಿಗೆ ಉತ್ತರ ಕೊಡೋರು ಯಾರು ಅಂತ ಅವರ ಪ್ರಶ್ನೆ. ಮಗ್ಗದ ಲಂಗವೂ ಒಳಗೆ ಬರುವಂತಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಹಿಂದಿನ ಬಾಗಿಲಿನಿಂದ ಹೋಗಿ, ನೆಲ ಒರೆಸುವ ಕೋಲುಗಳನ್ನು ಇಡುವ ಕೋಣೆಯಲ್ಲಿ ಲಂಗ ಬಿಚ್ಚಿ, ಕಪ್ಪು ಪ್ಯಾಂಟು ಹಾಕಿ, ಮೇಲೆ ನೀಲಿ ಏಪ್ರನ್ ಕಟ್ಟಿಕೊಳ್ಳಬೇಕು. ಲಂಗವನ್ನು ಮಡಚಿ ಬಕೆಟ್ಟಿನ ಮೇಲೆ ಇಡುತ್ತಿದ್ದೆ. ಸಂಜೆ ಉಟ್ಟಾಗ ಫಿನಾಯಿಲ್ ವಾಸನೆ ಬರುತ್ತಿತ್ತು.

ಹೊರದೇಶದ ಟೀಚರಿಗೆ ಮಕ್ಕಳು ಮಿಸ್ ಅನ್ನುತ್ತಿದ್ದವು. ಊರಿನ ಟೀಚರಿಗೆ ಸೆನ್ಯೋ. ಏಪ್ರನ್ ಕಟ್ಟಿದವರಿಗೆ ಬರೀ ಹೆಸರು. ಒಂದು ಸಲ ಹಿಮೆನಾ ಅನ್ನುವ ಹುಡುಗಿ, ಮುಂದಿನ ಎರಡು ಹಲ್ಲು ಇಲ್ಲದವಳು, ಗೇಟಿನ ಹತ್ತಿರ ನನ್ನನ್ನು ಸೆನ್ಯೋ ಅಂತ ಕೂಗಿದಳು. ಅವಳಮ್ಮ ನಗುತ್ತಲೇ ತಿದ್ದಿದರು. ಸೆನ್ಯೋ ಅಲ್ಲ ಪುಟ್ಟಿ, ಅವಳು ಓತಿ, ನಿನ್ನ ಮೂಗು ಒರೆಸೋಳು.

ಹೌದು, ಒರೆಸುತ್ತಿದ್ದೆ. ಒಂದನೇ ತರಗತಿಯಲ್ಲಿ ಇಪ್ಪತ್ತನಾಲ್ಕು ಮಕ್ಕಳು. ಇಪ್ಪತ್ತನಾಲ್ಕು ಮೂಗು. ಕಕ್ಕಸಿಗೆ ಕರೆದುಕೊಂಡು ಹೋಗಿ ತೊಳೆಸಬೇಕು. ಹುಟ್ಟುಹಬ್ಬದ ಕೇಕು ತಿಂದು ವಾಂತಿ ಮಾಡಿದರೆ ಬಳಿಯಬೇಕು. ಬೂಟಿನ ಲೇಸು ನಲವತ್ತೆಂಟು. ಬೆಳಿಗ್ಗೆ ಒಮ್ಮೆ, ಆಟದ ನಂತರ ಒಮ್ಮೆ, ಮನೆಗೆ ಹೋಗುವಾಗ ಒಮ್ಮೆ, ಮಂಡಿಯೂರಿ ಕಟ್ಟಬೇಕು. ನನ್ನ ಮಂಡಿಗಳು ಒಂಟೆಯ ಮಂಡಿಯ ಹಾಗೆ ಕಪ್ಪಾಗಿ ದಪ್ಪವಾದವು.

ಆ ಮಕ್ಕಳಿಗೆ ಓದು ಕಲಿಸಿದ್ದೂ ಅದೇ ಮಂಡಿಯ ಮೇಲೆಯೇ. ಒಂದು ಲೇಸಿಗೆ ಒಂದು ಅಕ್ಷರ. ಎಡಗಾಲಿನ ಲೇಸು ಕಟ್ಟುವಾಗ ಒಂದು, ಬಲಗಾಲಿನದು ಕಟ್ಟುವಾಗ ಇನ್ನೊಂದು, ಎದ್ದು ನಿಂತ ಮೇಲೆ ಎರಡನ್ನೂ ಸೇರಿಸಿ ಹೇಳಿದರೆ ಆಟಕ್ಕೆ ಬಿಡುತ್ತಿದ್ದೆ. ಜನವರಿಯಲ್ಲಿ ಶಾಲೆ ಶುರು, ಜೂನ್ ತಿಂಗಳಿಗೆಲ್ಲ ಎಲ್ಲರೂ ಓದುತ್ತಿದ್ದರು. ಜುಲೈ ತನಕ ಲೇಸು ಇಲ್ಲದ ಬೂಟು ಹಾಕಿಕೊಂಡು ಬರುತ್ತಿದ್ದ ಒಬ್ಬನು ಮಾತ್ರ ಆಗಸ್ಟ್ ತನಕ ಎಳೆದ.

ಟೀಚರು ಮಿಸ್ ಬ್ರೂಕ್. ಇಪ್ಪತ್ತೊಂದು ವರ್ಷ. ಅಮೆರಿಕದ ಒರೆಗಾನಿನಲ್ಲಿ ಕಾಫಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದವಳು, ಇಲ್ಲಿನ ಅಗ್ನಿಪರ್ವತ ನೋಡಲು ಬಂದು ದುಡ್ಡು ಮುಗಿದು ನಿಂತವಳು. ಕೆಟ್ಟವಳಲ್ಲ. ಗಿಟಾರ್ ನುಡಿಸುತ್ತಿದ್ದಳು. ಅವಳ ಅರ್ಹತೆ ಏನು ಅಂದರೆ, ಅವಳು ಹುಟ್ಟಿದ ಊರು. ದಿನಾ ಬೆಳಿಗ್ಗೆ ನನ್ನ ಕಿವಿಯ ಹತ್ತಿರ ಬಂದು ಅರೆಬರೆ ಸ್ಪ್ಯಾನಿಷಿನಲ್ಲಿ ಕೇಳುತ್ತಿದ್ದಳು, ಓತಿ, ಇವತ್ತು ನಾನು ಏನು ಮಾಡ್ಲಿ ಅಂತ. ನಾನು ಹೇಳಿಕೊಡುತ್ತಿದ್ದೆ. ಹೇಳಿಕೊಟ್ಟು ವಾಂತಿ ಬಳಿಯಲು ಹೋಗುತ್ತಿದ್ದೆ.

ಆದರೆ ತರಬೇತಿ ಇಲ್ಲದವರ ಹೆಸರಿನಲ್ಲಿ ತರಗತಿ ನಡೆಸಲು ಇಲಾಖೆ ಒಪ್ಪುವುದಿಲ್ಲ. ಅದಕ್ಕೆ ನನ್ನ ಸರ್ಟಿಫಿಕೇಟು. ಅಂಕಪಟ್ಟಿಯಲ್ಲಿ, ಹಾಜರಿಯಲ್ಲಿ, ಫಲಿತಾಂಶದಲ್ಲಿ ಸಹಿ ನನ್ನದು. ಕಾಗದದಲ್ಲಿ ನಾನು ಟೀಚರು, ಕೋಣೆಯಲ್ಲಿ ಆಯಾ. ಸೇರಿದಾಗಲೇ ದೋನ್ಯಾ ನಿನೆತ್ ನನ್ನ ಕೈ ಹಿಡಿದು ಹೇಳಿದ್ದರು, ಒಂದು ವರ್ಷ ತಾಳಮ್ಮ, ಮುಂದಿನ ವರ್ಷ ತರಗತಿ ನಿನಗೇ ಅಂತ. ಎರಡನೇ ವರ್ಷವೂ ಕೈ ಹಿಡಿದರು. ಮೂರನೇ ವರ್ಷವೂ. ಅವರ ಕೈ ಬಹಳ ಮೃದು.

ನಾನು ಯಾಕೆ ತಾಳಿದೆ? ಸರ್ಕಾರಿ ಶಾಲೆಯ ಕೆಲಸಕ್ಕೆ ನಾಲ್ಕು ಸಲ ಅರ್ಜಿ ಹಾಕಿದ್ದೆ, ನಾಲ್ಕು ಸಲವೂ ಯಾರದೋ ತಂಗಿಗೆ, ಯಾರದೋ ಸೊಸೆಗೆ ಆಯಿತು. ಮತ್ತೆ, ಆ ಮಕ್ಕಳು ಓದುವಾಗ ನನಗೆ ಖುಷಿಯಾಗುತ್ತಿತ್ತು. ಖುಷಿಯಾಗುತ್ತಿತ್ತು ಅಂತ ಹೇಳಲು ನನಗೆ ನಾಚಿಕೆಯಿಲ್ಲ. ಆ ಖುಷಿಯನ್ನೇ ಹಿಡಿದು ಅವರು ನನ್ನನ್ನು ಮೂರು ವರ್ಷ ದುಡಿಸಿಕೊಂಡರು.

ಅಪ್ಪ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ಬೆನ್ನಿನ ಮೂಟೆಯ ಭಾರವೆಲ್ಲ ಹಣೆಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ. ನಲವತ್ತು ವರ್ಷದ ಪಟ್ಟಿ ಹಣೆಯಲ್ಲಿ ಗುಳಿ ಮಾಡಿದೆ, ಬೆರಳಿಟ್ಟರೆ ಕೂರುತ್ತದೆ. ನಾನು ತರಬೇತಿ ಮುಗಿಸಿ ಸರ್ಟಿಫಿಕೇಟು ತಂದ ದಿನ ಅವನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅಂಗೈ ಕೊಳೆ ಅಂತ, ಹಿಂಗೈಯಿಂದ ಒಮ್ಮೆ ಸವರಿದ, ಅಷ್ಟೆ. ನಾನು ಶೆಲಾದ ದೊಡ್ಡ ಶಾಲೆಯಲ್ಲಿ ಟೀಚರು ಅಂತ ಮಾರುಕಟ್ಟೆಯವರಿಗೆಲ್ಲ ಹೇಳಿಕೊಂಡಿದ್ದ. ನಾನೇ ಹೇಳಿದ್ದೆ ಅವನಿಗೆ ಹಾಗಂತ. ಭಾನುವಾರ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ, ಈ ವಾರ ಎಷ್ಟು ಮಕ್ಕಳು ಓದೋಕೆ ಕಲಿತರು ಅಂತ.

ಸೆಪ್ಟೆಂಬರಿನಲ್ಲಿ ಒಂದು ದಿನ ಅವನು ಶಾಲೆಗೆ ಬಂದುಬಿಟ್ಟ. ಶಾಲೆಯ ದೊಡ್ಡ ಟೀಚರಮ್ಮ ದೋನ್ಯಾ ನಿನೆತ್ ಅವರಿಗೆ ಕೊಡಬೇಕು ಅಂತ ಒಂದು ಬುಟ್ಟಿ ಪೀಚ್ ಹಣ್ಣು ಹೊತ್ತು ತಂದಿದ್ದ. ತೊಳೆದ ಅಂಗಿ ಹಾಕಿಕೊಂಡಿದ್ದ. ಮುಂದಿನ ಗೇಟಿನ ಕಾವಲುಗಾರ ಅವನನ್ನು ನೋಡಿ ಸಾಮಾನು ಹಿಂದುಗಡೆ ಅಂದ. ನಾನು ಸಾಮಾನಲ್ಲ, ಟೀಚರ ಅಪ್ಪ ಅಂದನಂತೆ ಅಪ್ಪ. ಕಾವಲುಗಾರ ನಕ್ಕನಂತೆ. ಅಪ್ಪ ಸುತ್ತು ಹಾಕಿ ಹಿಂದಿನ ಬಾಗಿಲಿಗೆ ಬಂದ. ಆ ಹೊತ್ತಿಗೆ ಸರಿಯಾಗಿ ನಾನು ಓಣಿಯಲ್ಲಿ ಮಂಡಿಯೂರಿ, ನೀಲಿ ಏಪ್ರನ್ನಿನಲ್ಲಿ, ಯಾರದೋ ಮಗುವಿನ ವಾಂತಿ ಬಳಿಯುತ್ತಿದ್ದೆ. ಮೇಲೆ ನಿಂತು ಒಬ್ಬ ತಾಯಿ ಮೂಗು ಮುಚ್ಚಿಕೊಂಡು, ಅಲ್ಲೂ ಇದೆ ನೋಡು ಮರಿಯಾ, ಅಲ್ಲೂ, ಅಂತ ಬೆರಳು ತೋರಿಸುತ್ತಿದ್ದರು.

ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ನಾನೂ ಅವನನ್ನು ನೋಡಿದೆ. ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟ. "ಕೆಲಸ ಮುಗಿಸು ಮಗಳೇ" ಅಂದ. ಹೊರಟುಹೋದ. ಆಮೇಲಿನ ಭಾನುವಾರಗಳಲ್ಲಿ ಅವನು ಆ ಪ್ರಶ್ನೆ ಕೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಕ್ಟೋಬರಿನಲ್ಲಿ ಶಾಲೆಯ ವರ್ಷ ಮುಗಿಯುತ್ತದೆ. ಇಲಾಖೆಯ ಮೇಲ್ವಿಚಾರಕರು ಬಂದು ನೋಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿದರೆ ಮುಂದಿನ ವರ್ಷಕ್ಕೆ ಅನುಮತಿ. ಅದಕ್ಕೂ ಮೊದಲ ವಾರ ದೋನ್ಯಾ ನಿನೆತ್ ನನ್ನನ್ನು ಕರೆದು ಕೂರಿಸಿ ಸಿಬ್ಬಂದಿಯ ಪಟ್ಟಿ ಬರೆಸಿದರು. ಶಾಲೆಯಲ್ಲಿ ನನ್ನ ಅಕ್ಷರವೇ ದುಂಡು. ಬರೆಯುವ ಕೆಲಸ ಯಾವುದಿದ್ದರೂ ಓತಿ ಬೇಕು.

ಪಟ್ಟಿ ಎರಡು. ಒಂದು ಇಲಾಖೆಗೆ. ಅದರಲ್ಲಿ ಒಂದನೇ ತರಗತಿಯ ಶಿಕ್ಷಕಿ ನಾನು, ಪೂರ್ತಿ ಹೆಸರು, ಸರ್ಟಿಫಿಕೇಟಿನ ನಂಬರು. ಮಿಸ್ ಬ್ರೂಕ್ ಇಂಗ್ಲಿಷ್ ಸಹಾಯಕಿ. ಇನ್ನೊಂದು ಪೋಷಕರಿಗೆ, ಬಣ್ಣದ ಕಾಗದದ ಮೇಲೆ, ಮುಂದಿನ ವರ್ಷದ್ದು. ಒಂದನೇ ತರಗತಿಗೆ ಮಿಸ್ಟರ್ ಟೈಲರ್ ಅನ್ನುವ ಯಾರೋ ಹೊಸಬ. ಅರ್ಹತೆ ಅನ್ನುವ ಕಡೆ, ಇಂಗ್ಲಿಷ್ ಮಾತೃಭಾಷೆ ಅಂತ ಬರೆಸಿದರು. ಎಲ್ಲಕ್ಕಿಂತ ಕೆಳಗೆ ಓತಿ, ಮಕ್ಕಳ ಆರೈಕೆ.

ಅರ್ಹತೆಯ ಕಡೆ ಏನು ಬರೀಲಿ ಅಂತ ಕೇಳಿದೆ.

"ಅಲ್ಲಿ ಏನೂ ಬೇಡ. ಒಂದು ಗೆರೆ ಎಳಿ."

ಎಳೆದೆ. ನನ್ನ ಕೈಯಿಂದಲೇ ಎಳೆದೆ. ಆ ಗೆರೆ ಎಳೆಯುವಾಗ ಬಾಗಿಲ ಹಿಂದಿನ ಸರ್ಟಿಫಿಕೇಟು ನನ್ನ ಬೆನ್ನಿಗೆ ಎರಡು ಮೊಳ ದೂರದಲ್ಲಿತ್ತು. ಅಡುಗೆಮನೆಗೆ ಹೋಗಿ ಚೆಪಾ ಅತ್ತೆಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ನಿಲ್ಲಿಸಲಿಲ್ಲ. ಅವಳಿಗೆ ಓದು ಬರುವುದಿಲ್ಲ, ಆದರೆ ಕೋಪ ಚೆನ್ನಾಗಿ ಬರುತ್ತದೆ.

"ಅವರು ಎಳೆಸಿದರು, ನೀನು ಎಳೆದೆ. ಮೂರು ವರ್ಷದಿಂದ ಎಳೀತಾನೇ ಇದ್ದೀಯ. ನನ್ನ ಮುಂದೆ ಅಳೋಕೆ ಬರಬೇಡ, ಈರುಳ್ಳಿ ಇದೆ, ಬೇಕಾದರೆ ಹೆಚ್ಚು."

ಹೆಚ್ಚಿದೆ.

ಮೇಲ್ವಿಚಾರಕರು ಬರುವ ದಿನ ಬೆಳಿಗ್ಗೆ ಕೋಟು ಹೊರಬಂತು. ಅದು ದೋನ್ಯಾ ನಿನೆತ್ ಅವರ ಬೀರುವಿನಲ್ಲಿರುವ ಬೂದು ಕೋಟು. ವರ್ಷಕ್ಕೆ ಒಂದು ಸಲ ನನ್ನ ಮೈಮೇಲೆ ಬರುತ್ತದೆ. ನುಸಿಗುಳಿಗೆ ವಾಸನೆ, ತೋಳು ಬಿಗಿ. ಆ ಒಂದು ದಿನ ನಾನು ಮುಂದೆ ನಿಂತು ಪಾಠ ಮಾಡುತ್ತೇನೆ, ಮಿಸ್ ಬ್ರೂಕ್ ಹಿಂದಿನ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂರುತ್ತಾಳೆ. ಆ ಒಂದು ದಿನ ಮಕ್ಕಳು ನನ್ನನ್ನು ಸೆನ್ಯೋ ಅನ್ನಬೇಕು. ದೋನ್ಯಾ ನಿನೆತ್ ತರಗತಿಗೆ ಬಂದು ಮೂರು ಸಲ ಒಟ್ಟಿಗೆ ಅನ್ನಿಸಿ ನೋಡಿದರು. ಅವರು ಹೋದ ಮೇಲೆ ಹಿಮೆನಾ ಬಂದು ಕೋಟಿನ ಚುಂಗು ಜಗ್ಗಿದಳು.

"ಓತಿ, ನಾಳೆನೂ ಸೆನ್ಯೋ ಅನ್ಬೇಕಾ, ಇವತ್ತು ಮಾತ್ರಾನಾ?"

ಆರು ವರ್ಷದ ಮಗುವಿಗೆ ಸುಳ್ಳು ಹೇಳುವುದನ್ನು ನಾನೇ ಕಲಿಸುತ್ತಿದ್ದೆ. ಅಕ್ಷರದ ಜೊತೆಗೆ ಅದನ್ನೂ. ಆಮೇಲೆ ಹೇಳ್ತೀನಿ ಅಂದೆ. ಅವತ್ತೇನು ಮಾಡಬೇಕು ಅಂತ ನಾನು ತೀರ್ಮಾನಿಸಿದ್ದು ಆಗಲೇ.

ಮೇಲ್ವಿಚಾರಕರ ಹೆಸರು ದೋನ್ ಎಲಿಯೆಸೆರ್. ನಿವೃತ್ತಿಗೆ ಒಂದು ವರ್ಷ ಇದ್ದ ಮನುಷ್ಯ. ತರಗತಿಯಲ್ಲಿ ಹತ್ತು ನಿಮಿಷ ಕೂತರು. ಮಕ್ಕಳು ಓದಿದ್ದನ್ನು ಕೇಳಿ ತಲೆಯಾಡಿಸಿದರು. ಆಮೇಲೆ ಮುಖ್ಯಸ್ಥರ ಕೋಣೆ, ಬಾಗಿಲು ಮುಚ್ಚಿತು. ದೋನ್ ಎಲಿಯೆಸೆರ್ ಮೇಜಿನ ಆಚೆ, ದೋನ್ಯಾ ನಿನೆತ್ ಪಕ್ಕದಲ್ಲಿ, ಮಿಸ್ ಬ್ರೂಕ್ ಸೋಫಾದ ಮೇಲೆ, ನಾನು ಪುಸ್ತಕದ ಮುಂದೆ. ಚೆಪಾ ಅತ್ತೆ ಕಾಫಿ ಮತ್ತು ಸಿಹಿ ಬ್ರೆಡ್ಡು ತಂದು ಬಡಿಸುತ್ತಿದ್ದಳು.

ನಡಾವಳಿ ಪುಸ್ತಕದ ಬಗ್ಗೆ ಹೇಳಬೇಕು. ನಮ್ಮ ದೇಶದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಆ ಪುಸ್ತಕಕ್ಕಿದೆ. ಪ್ರತಿ ಹಾಳೆಗೂ ನಂಬರು, ಪ್ರತಿ ಹಾಳೆಗೂ ಇಲಾಖೆಯ ಮುದ್ರೆ. ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೆ ತಪ್ಪಾಯಿತು ಅಂತ ಅದರ ಕೆಳಗೆ ಬರೆಯಬೇಕು. ಅಂಕಿಗಳನ್ನೂ ಅಕ್ಷರದಲ್ಲೇ ಬರೆಯಬೇಕು. ಬರೆದವರು ಎದ್ದು ನಿಂತು ಜೋರಾಗಿ ಓದಬೇಕು, ಹಾಜರಿದ್ದವರು ಸಹಿ ಹಾಕಬೇಕು. ಒಲ್ಲೆ ಅಂದರೆ ಒಲ್ಲೆ ಅಂದರು ಅಂತ ಅದನ್ನೂ ಬರೆಯಬೇಕು. ದೋನ್ ಎಲಿಯೆಸೆರ್ ಮೂವತ್ತು ವರ್ಷದಲ್ಲಿ ಏನನ್ನು ಬಿಟ್ಟುಕೊಟ್ಟಿದ್ದರೋ ಗೊತ್ತಿಲ್ಲ, ಈ ಪದ್ಧತಿಯನ್ನು ಮಾತ್ರ ಬಿಟ್ಟುಕೊಟ್ಟವರಲ್ಲ.

ದೋನ್ಯಾ ನಿನೆತ್ ಹೇಳಿ ಬರೆಸಲು ಶುರು ಮಾಡಿದರು. ಕೋಟಿನ ತೋಳು ಬಿಗಿಯಾಗಿ ಕೈ ಓಡಲಿಲ್ಲ. ಎದ್ದು ಕೋಟು ಬಿಚ್ಚಿ ಕುರ್ಚಿಗೆ ಹಾಕಿದೆ. ಒಳಗೆ ನೀಲಿ ಏಪ್ರನ್ ಹಾಗೇ ಇತ್ತು. ದೋನ್ಯಾ ನಿನೆತ್ ಕಣ್ಣು ಬಿಟ್ಟರು. ನಾನು ತಲೆ ತಗ್ಗಿಸಿ ಬರೆಯತೊಡಗಿದೆ. ಅವರು ಹೇಳುತ್ತಲೇ ಹೋದರು, ನಾನು ಬರೆಯುತ್ತಲೇ ಹೋದೆ. ಅವರು ಹೇಳಿದ್ದು ಒಂದು, ನಾನು ಬರೆದದ್ದು ಇನ್ನೊಂದು.

ಮುಗಿದಾಗ ದೋನ್ಯಾ ನಿನೆತ್ ಪೆನ್ನಿಗೆ ಕೈ ಚಾಚಿದರು. ದೋನ್ ಎಲಿಯೆಸೆರ್ ಲೋಟ ಕೆಳಗಿಟ್ಟು, ಓದದೆ ನಾನು ಸಹಿ ಹಾಕಲ್ಲ ಅಂದರು. ನಾನು ಎದ್ದು ನಿಂತು ಓದಿದೆ.

"ನಲವತ್ತೊಂದನೇ ಪುಟ. ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹಾಜರಿದ್ದವರು: ಮೇಲ್ವಿಚಾರಕರು, ಶಾಲೆಯ ಮುಖ್ಯಸ್ಥರು, ಮಿಸ್ ಬ್ರೂಕ್, ಅಡುಗೆಯ ಹೋಸೆಫಾ ಸಕಲ್‌ಶೋತ್, ಮತ್ತು ಇದನ್ನು ಬರೆದ ಒತಿಲಿಯಾ ಚಕ್ಲಾನ್. ಒಂದನೆಯದು: ಒತಿಲಿಯಾ ಚಕ್ಲಾನ್ ಮೂರು ವರ್ಷ ಸುಳ್ಳು ಪಟ್ಟಿಗಳಿಗೆ ಸಹಿ ಹಾಕಿದ್ದಾಳೆ. ಗೊತ್ತಿದ್ದೇ ಹಾಕಿದ್ದಾಳೆ. ಎರಡನೆಯದು: ಒಂದನೇ ತರಗತಿಗೆ ಅವಳನ್ನು ಟೀಚರಾಗಿ ನೇಮಿಸಿಲ್ಲ. ಅವಳು ಅಲ್ಲಿ ಆಯಾ. ಕಕ್ಕಸು ತೊಳೆಸುತ್ತಾಳೆ, ವಾಂತಿ ಬಳಿಯುತ್ತಾಳೆ, ನಲವತ್ತೆಂಟು ಲೇಸು ಕಟ್ಟುತ್ತಾಳೆ. ಮೂರನೆಯದು: ಮಿಸ್ ಬ್ರೂಕ್‌ಗೆ ಟೀಚರ ತರಬೇತಿ ಇಲ್ಲ. ಇದೆ ಅಂತ ಆಕೆ ಹೇಳಿಯೂ ಇಲ್ಲ. ನಾಲ್ಕನೆಯದು: ಶಾಲೆಯಲ್ಲಿ ಎರಡು ಪಟ್ಟಿ ಇವೆ. ಎರಡೂ ಇದೇ ಕೈಯ ಬರಹ, ಹೋಲಿಸಿ ನೋಡಬಹುದು. ಐದನೆಯದು: ಇಪ್ಪತ್ತನಾಲ್ಕು ಮಕ್ಕಳಿಗೂ ಓದು ಬರುತ್ತದೆ. ಅವರ ಅಂಕಗಳು ನಿಜ. ಕಲಿಸಿದವಳು ಆಯಾ. ಆರನೆಯದು: ಇವತ್ತಿನಿಂದ ಒತಿಲಿಯಾ ಚಕ್ಲಾನಳ ಹೆಸರು ಈ ಶಾಲೆಗೆ ಸಿಗುವುದಿಲ್ಲ."

ದೋನ್ಯಾ ನಿನೆತ್ ಪುಸ್ತಕಕ್ಕೆ ಕೈ ಹಾಕಿದರು. ಹಾಳೆಯ ಮೂಲೆ ಹಿಡಿದೇಬಿಟ್ಟರು.

"ಹಾಳೆ ಮುಟ್ಟಬೇಡಿ" ಅಂದರು ದೋನ್ ಎಲಿಯೆಸೆರ್. "ನಂಬರು ಹಾಕಿದೆ. ಹರಿದರೆ ಹರಿದದ್ದನ್ನ ನಲವತ್ತೆರಡರಲ್ಲಿ ಬರೆಸಬೇಕಾಗುತ್ತೆ."

ದೋನ್ಯಾ ನಿನೆತ್ ಕೈ ಬಿಟ್ಟರು. ನನ್ನ ಕಡೆ ತಿರುಗಿದರು. ಆ ಮೃದುವಾದ ದನಿಯೇ. "ನಿನ್ನ ನೋಂದಣಿ ಹೋಗುತ್ತೆ ಓತಿ. ನಿನ್ನ ಕೈಯಾರೆ ಬರ್ಕೊಂಡಿದ್ದೀಯ. ಇನ್ನೆಲ್ಲೂ ಪಾಠ ಮಾಡಕ್ಕಾಗಲ್ಲ ನಿನಗೆ. ಗೊತ್ತಾ?"

"ಗೊತ್ತು. ಅದಕ್ಕೇ ಅದನ್ನ ಮೊದಲನೇ ಸಾಲಲ್ಲಿ ಬರೆದೆ."

"ಊಟ ಹಾಕಿದ ಮನೆಗೆ..."

"ಊಟ ಹಾಕಿದ್ದು ಚೆಪಾ ಅತ್ತೆ. ಅದೂ ಅಡುಗೆಮನೆ ನೆಲದ ಮೇಲೆ ಕೂರಿಸಿ. ಮೇಜಿನ ಹತ್ತಿರ ನಮ್ಮನ್ನ ಯಾವತ್ತು ಕರೆದಿದ್ರಿ?"

ಮಿಸ್ ಬ್ರೂಕ್ ಗಾಬರಿಯಾಗಿ ಏನಾಯ್ತು ಅಂತ ಕೇಳುತ್ತಿದ್ದಳು. ಅವಳಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೂರು ವರ್ಷ ಆ ಕೋಣೆಯಲ್ಲಿದ್ದು ನನಗೆ ಇಂಗ್ಲಿಷ್ ಬಂದಿತ್ತು. ಬರುತ್ತದಾ ಅಂತ ಯಾರೂ ಕೇಳಿರಲಿಲ್ಲ. ದೋನ್ಯಾ ನಿನೆತ್ ಅವರ ಬಾಯಿ ಸ್ವಲ್ಪ ತೆರೆದುಕೊಂಡಿತು. ಬ್ರೂಕ್ ಕೆಂಪಾದಳು, ನೆಲ ನೋಡಿದಳು, ನಿಜ ಅಂದಳು, ಬಂದು ಸಹಿ ಹಾಕಿದಳು. ಅವಳ ಪಾಲಿಗೆ ಅದು ಸುಲಭ. ಅವಳಿಗೆ ಹೋಗಲು ಇನ್ನೊಂದು ಊರಿದೆ, ಇನ್ನೊಂದು ಪರ್ವತವಿದೆ. ಆದರೂ ಹಾಕಿದಳು, ಅದನ್ನು ಇಲ್ಲ ಅನ್ನಲಾರೆ.

ದೋನ್ಯಾ ನಿನೆತ್ ಒಲ್ಲೆ ಅಂದರು. ಒಲ್ಲೆ ಅಂದರು ಅಂತ ಬರೆದೆ.

ಚೆಪಾ ಅತ್ತೆ ತಟ್ಟೆ ಕೆಳಗಿಟ್ಟು ಮುಂದೆ ಬಂದಳು. "ನನ್ನ ಹೆಸರು ಪೂರ್ತಿ ಬರೆದಿದ್ದೀಯಾ?"

"ಪೂರ್ತಿ."

"ಎಲ್ಲಿ, ತೋರಿಸು."

ತೋರಿಸಿದೆ. ಅವಳು ಆ ಅಕ್ಷರಗಳ ಮೇಲೆ ಬೆರಳು ಆಡಿಸಿದಳು. ಅತ್ತೆ, ನಿನ್ನ ಕೆಲಸ ಹೋಗುತ್ತೆ ಅಂದೆ.

"ತೊಳೆಯೋಕೆ ಪಾತ್ರೆ ಇಲ್ಲದ ಮನೆ ಯಾವುದಿದೆ ಈ ಊರಲ್ಲಿ? ಶಾಯಿ ತಾ."

ಹೆಬ್ಬೆಟ್ಟು ಒತ್ತಿದಳು. ಬೆರಳಿಗೆ ಮೆತ್ತಿದ್ದ ಹಿಟ್ಟು ಶಾಯಿಯ ಜೊತೆ ಕಾಗದಕ್ಕೆ ಹತ್ತಿತು. ದೋನ್ ಎಲಿಯೆಸೆರ್ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯದು. ಬಹುಶಃ ಬೇಡದ ತಲೆನೋವು ಅಂದುಕೊಂಡಿರಬೇಕು. ಆದರೆ ಅವರು ಹಾಜರಿದ್ದರು, ಓದಿದ್ದನ್ನು ಕೇಳಿದ್ದರು. ಸಹಿ ಹಾಕಿ ಮುದ್ರೆ ಒತ್ತಿದರು.

ನಾನು ಬಾಗಿಲ ಹಿಂದಿನ ಚೌಕಟ್ಟನ್ನು ಇಳಿಸಿದೆ. ಅದು ಶಾಲೆಯ ಆಸ್ತಿ ಅಂದರು ದೋನ್ಯಾ ನಿನೆತ್. ಹೌದು, ಗಾಜು ನಿಮ್ಮದು ಅಂದೆ. ಹಿಂದಿನ ಮೊಳೆಗಳನ್ನು ಚಮಚದಿಂದ ಮೀಟಿ, ಕಾಗದ ಎಳೆದುಕೊಂಡು, ಖಾಲಿ ಚೌಕಟ್ಟನ್ನು ಅದೇ ಜಾಗದಲ್ಲಿ ತೂಗುಹಾಕಿದೆ. ಗಾಜು ಚೆನ್ನಾಗಿ ಹೊಳೆಯುತ್ತಿತ್ತು.

ಬಕೆಟ್ಟಿನ ಮೇಲಿನ ಲಂಗ ಉಟ್ಟುಕೊಂಡೆ. ಏಪ್ರನ್ನನ್ನು ಬಕೆಟ್ಟಿನೊಳಗೆ ಹಾಕಿದೆ. ತರಗತಿಯ ಬಾಗಿಲಲ್ಲಿ ನಿಂತಾಗ ಹಿಮೆನಾ ಓಡಿ ಬಂದಳು. ಒಂದು ಲೇಸು ಬಿಚ್ಚಿತ್ತು. ಕೂತು ಕಟ್ಟಿದೆ.

"ಓತಿ, ಎಲ್ಲಿಗೆ?"

"ಸೆನ್ಯೋ ಅನ್ನು."

"ಇವತ್ತು ಮಾತ್ರಾನಾ?"

"ಯಾವಾಗಲೂ. ರಸ್ತೆಲಿ ಸಿಕ್ಕರೂ."

ಮುಂದಿನ ಗೇಟಿಗೆ ಹೋದೆ. ಕಾವಲುಗಾರ ಹಿಂದುಗಡೆ ಅಂದ. ಕೈಯಲ್ಲಿದ್ದ ಕಾಗದ ತೋರಿಸಿ, ನಾನು ಮೂಟೆ ಹೊರುವವನ ಮಗಳು, ಒಂದನೇ ತರಗತಿ ಟೀಚರು, ಬಾಗಿಲು ತೆಗಿ ಅಂದೆ. ಅವನು ನನ್ನನ್ನು ನೋಡಿದ, ಕಾಗದ ನೋಡಿದ, ಚಿಲಕ ತೆಗೆದ.

ನನ್ನ ನೋಂದಣಿಯ ಮೇಲೆ ಈಗ ವಿಚಾರಣೆ ನಡೆಯುತ್ತಿದೆ. ಶಾಲೆಯ ಅನುಮತಿಯ ಮೇಲೂ. ಏನಾದರೂ ಆಗಲಿ. ಆ ದಿನ ನಾನು ನೇರ ಮಾರುಕಟ್ಟೆಗೆ ನಡೆದೆ. ಅಪ್ಪ ಈರುಳ್ಳಿ ಮೂಟೆ ಇಳಿಸಿ ಹಣೆಯ ಪಟ್ಟಿ ಬಿಚ್ಚುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಂಡ. ಆಮೇಲೆ ಎಷ್ಟು ಮಕ್ಕಳು ಅಂತ ಕೇಳಿದ. ಇಪ್ಪತ್ತನಾಲ್ಕು ಅಂದೆ. ಕಾಗದ ಕೊಡು ಅಂದ. ಈ ಸಲ ಹಿಂಗೈಯಿಂದ ಸವರಲಿಲ್ಲ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಸರ್ಕಾರದ ಮುದ್ರೆಯ ಪಕ್ಕದಲ್ಲಿ ಅವನ ಹೆಬ್ಬೆರಳ ಮಣ್ಣಿನ ಗುರುತು ಬಿದ್ದಿದೆ. ನಾನು ಅದನ್ನು ಒರೆಸಿಲ್ಲ.